ಅಳುವ ಕಾದಂಬರಿ, ನಗುವ ಆತ್ಮಕಥೆ



ಈ ಹೊತ್ತು ನಾನು ನಿಮ್ಮ ಮುಂದೆ ಕೆಲವು ಪುಸ್ತಕಗಳ ಮಾತು ತೆಗೆಯುವವನಿದ್ದೇನೆ. ಕೆಲವು ಕಾದಂಬರಿಗಳು, ಕೆಲವು ಆತ್ಮಕಥೆಗಳು. ಎಲ್ಲವೂ ಈಚಿನ ತಿಂಗಳುಗಳಲ್ಲಿ ಓದಿದವು. ಒಂದೆರಡು, ಎರಡನೆಯ ಸಲ ಓದಿದವು. ನಾನು ಪುಣೆಯಲ್ಲಿ ನೆಲೆಸಿರುವ ಕನ್ನಡಿಗ. ಬೀದಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂಬುದು ಇಲ್ಲಿಯ ನಮ್ಮಂಥ ಸಂಸಾರಗಳ ರೂಢಿಯಾದ ಕಾರಣ, ನನ್ನ ಓದಿನಲ್ಲಿಯೂ ಎರಡು ಭಾಷೆಗಳು ಒಂದರ ಮಗ್ಗುಲಿಗೆ ಒಂದು ಕುಳಿತಿವೆ. ಮರಾಠಿ ಪುಸ್ತಕಗಳನ್ನು ಪುಣೆ ನಗರ ವಾಚನ ಮಂದಿರದಿಂದ ತಂದೆ. 1848ರಲ್ಲಿ ಸ್ಥಾಪಿತವಾದ ಗ್ರಂಥಾಲಯ ಅದು. ನ್ಯಾಯಮೂರ್ತಿ ರಾನಡೆಯವರೊಬ್ಬರನ್ನು ಬಿಟ್ಟರೆ, ಈ ದಿನ ನಾನು ಹೆಸರಿಸಲಿರುವ ಪುಣೆಯವರೆಲ್ಲರೂ ಆ ಗ್ರಂಥಾಲಯಕ್ಕಿಂತ ವಯಸ್ಸಿನಲ್ಲಿ ಕಿರಿಯರು. ಕನ್ನಡ ಪುಸ್ತಕಗಳು ಮನೆಯಲ್ಲಿಯೇ ಇದ್ದವು.

ನಾನು ವಿಮರ್ಶಕನಲ್ಲ. ಶಾಸ್ತ್ರದ ಮಾತು ನನ್ನಿಂದ ಬಾರದು. ಓದುವಾಗ ನನ್ನ ಮನಸ್ಸಿಗೆ ತೋರಿದ್ದನ್ನು, ಮುಚ್ಚುಮರೆಯಿಲ್ಲದೆ, ಹೇಳುತ್ತೇನೆ. ನೀವು ಒಪ್ಪಬೇಕೆಂಬ ಹಟವೇನೂ ಇಲ್ಲ.

ಈ ಎಲ್ಲ ಪುಸ್ತಕಗಳ ವಸ್ತು ಸ್ಥೂಲವಾಗಿ ಒಂದೇ. ನೂರು ನೂರೈವತ್ತು ವರ್ಷಗಳ ಹಿಂದೆ ನಮ್ಮ ಮತ್ತು ನೆರೆಯವರ ಬ್ರಾಹ್ಮಣ ಸಂಸಾರಗಳಲ್ಲಿ ಹುಟ್ಟಿದ ಹೆಣ್ಣುಮಗುವಿನ ಬಾಳು ಅದು. ಎಳವೆಯಲ್ಲಿ ಮದುವೆ, ಎಷ್ಟೋ ಮನೆಗಳಲ್ಲಿ ಎಳವೆಯಲ್ಲಿಯೇ ವೈಧವ್ಯ, ಕೇಶಮುಂಡನ, ಕೆಂಪು ಸೀರೆ, ಮಡಿ, ಮೌನ. ವಸ್ತು ಒಂದೇ ಆದರೂ ಓದುತ್ತ ಹೋದಂತೆ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಆ ದುಃಖವನ್ನು ಹೊರಗಿನಿಂದ ಕಂಡು ಕಾದಂಬರಿ ಬರೆದವನು ಅಳುತ್ತಾನೆ. ಅದನ್ನು ಒಳಗಿದ್ದು ಅನುಭವಿಸಿ ಆತ್ಮಕಥೆ ಬರೆದವಳು, ಹಲವು ಸಲ, ನಗುತ್ತಾಳೆ. ಹೀಗೇಕೆ? ಇಂದಿನ ನನ್ನ ಭಾಷಣಕ್ಕೆಲ್ಲ ಇದೊಂದೇ ಪ್ರಶ್ನೆ.

ಮೊದಲು ಅಳುವ ಪುಸ್ತಕವನ್ನೇ ತೆಗೆದುಕೊಳ್ಳೋಣ. ಹರಿ ನಾರಾಯಣ ಆಪಟೆಯವರ ‘ಪಣ ಲಕ್ಷಾತ ಕೋಣ ಘೇತೋ’ ಎಂಬ ಮರಾಠಿ ಕಾದಂಬರಿ. ಆಪಟೆಯವರ ಹೆಸರು ನಮ್ಮ ಕಡೆಯ ಹಿರಿಯ ಓದುಗರಿಗೆ ಹೊಸದಲ್ಲ; ನಮ್ಮ ಗಳಗನಾಥರಿಗೆ ಐತಿಹಾಸಿಕ ಕಾದಂಬರಿಯ ದಾರಿಯನ್ನು ತೋರಿಸಿದವರು ಅವರೇ. ವಿಜಯನಗರದ ಪತನವನ್ನು ಕುರಿತೂ ಅವರು ಬರೆದಿದ್ದಾರೆ. ಆದರೆ ನಾನು ಈಗ ಹೇಳುತ್ತಿರುವುದು ಅವರ ಸಾಮಾಜಿಕ ಕಾದಂಬರಿ. 1890ರಲ್ಲಿ, ತಮಗೆ ಇಪ್ಪತ್ತಾರು ವರ್ಷ ವಯಸ್ಸಾಗಿದ್ದಾಗ, ಅವರು ಪುಣೆಯಲ್ಲಿ ‘ಕರಮಣೂಕ’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು. ಅದರಲ್ಲಿ ಕಂತುಕಂತಾಗಿ ಬಂದ ಕಥೆ ಇದು.

ಈ ಕಾದಂಬರಿ ಆತ್ಮಕಥೆಯ ವೇಷವನ್ನು ಧರಿಸಿದೆ. ಯಮು ಎಂಬ ಹುಡುಗಿ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ. ಬರೆದವನು ಗಂಡಸು, ಮಾತನಾಡುವವಳು ಹೆಂಗಸು. ಪುಣೆಯ ಸನಾತನಿ ಮನೆಯೊಂದರಲ್ಲಿ ಮಕ್ಕಳು ಅಡುಗೆಯಾಟ, ಮದುವೆಯಾಟಗಳನ್ನು ಆಡುವಲ್ಲಿಂದ ಕಥೆ ತೊಡಗುತ್ತದೆ. ಓದಿದ ಅಣ್ಣ, ಗದರುವ ತಂದೆ, ಎಲ್ಲವನ್ನೂ ನುಂಗಿಕೊಂಡು ಬದುಕುವ ತಾಯಿ, ದುರ್ಗಿ ಎಂಬ ಗೆಳತಿ, ಇವರೆಲ್ಲ ನಮ್ಮ ಪಕ್ಕದ ಮನೆಯವರೆಂಬಷ್ಟು ನಿಜವಾಗಿ ಓಡಾಡುತ್ತಾರೆ. ಈ ಭಾಗ ನಿಜಕ್ಕೂ ರಮ್ಯವಾಗಿದೆ. ಮುಂದೆ ಯಮುವಿಗೆ ರಘುನಾಥನೆಂಬ ಸುಸಂಸ್ಕೃತ ಗಂಡ ದೊರೆಯುತ್ತಾನೆ. ಅವಳಿಗೆ ಓದು ಕಲಿಸುತ್ತಾನೆ. ಇಬ್ಬರೂ ಮುಂಬಯಿಯಲ್ಲಿ ಹಿರಿಯರ ಕಣ್ಣಿಗೆ ದೂರವಾಗಿ ಕೆಲಕಾಲ ಸುಖದಿಂದ ಇರುತ್ತಾರೆ. ಆಮೇಲೆ ಅವನು ಸಾಯುತ್ತಾನೆ. ಅವಳನ್ನು ಪುಣೆಗೆ ಕರೆತರುತ್ತಾರೆ. ಬಲಾತ್ಕಾರದಿಂದ ಅವಳ ತಲೆಯನ್ನು ಬೋಳಿಸುತ್ತಾರೆ. ಅವಳು ಬಹುಕಾಲ ಬದುಕುವುದಿಲ್ಲ.

ಶ್ರೋತೃಗಳೇ, ಇದನ್ನು ಓದಿ ಕಣ್ಣು ಒದ್ದೆಯಾಗದವರು ವಿರಳ. ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಎರಡನೆಯ ಓದಿನಲ್ಲಿ ಒಂದು ಅಸಮಾಧಾನವೂ ಹುಟ್ಟಿತು. ಕಾದಂಬರಿಯ ಉತ್ತರಾರ್ಧದಲ್ಲಿ ಯಮು ತನ್ನ ದುಃಖವನ್ನು ಹೇಳಿದರೆ ಸಾಲದೆಂದು, ಅದು ದುಃಖವೆಂಬುದನ್ನೂ ಹೇಳುತ್ತಾಳೆ. ಹೇಳಿ, ಓದುಗರನ್ನು ಕರೆದು, ನೋಡಿದಿರಾ ಎಂದು ಕೇಳುತ್ತಾಳೆ. ಸಾರಿಗೆ ಎರಡು ಸಲ ಉಪ್ಪು ಬಿದ್ದಂತಾಗಿದೆ. ಅಲ್ಲಿ ಮಾತನಾಡುತ್ತಿರುವುದು ಯಮುವಲ್ಲ, ಆಪಟೆಯವರ ಅಂತಃಕರಣ, ಎಂಬುದು ಒಡನೆಯೇ ತಿಳಿಯುತ್ತದೆ.

ಅವರಿಗೂ ಕಾರಣವುಂಟು. ಆ ಕಾಲವನ್ನು ಸ್ವಲ್ಪ ನೆನೆಯಿರಿ. ಅದೇ 1890ರ ಸುಮಾರಿನಲ್ಲಿ, ಕಾರ್ಮಿಕರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವ ಕೆಲಸಕ್ಕೆ ತಾವು ಕೈಹಾಕುವುದಿಲ್ಲವೆಂದು ನಿರ್ಧರಿಸಿದರು. ಶಾಸ್ತ್ರ ಓದಿದವರು ಇನ್ನೂ ವಾದದಲ್ಲಿ ಮುಳುಗಿದ್ದಾಗ, ಕತ್ತಿ ಹಿಡಿದ ಕೈಗಳು ಅದನ್ನು ಕೆಳಗಿಟ್ಟವು! ಹೆಣ್ಣುಮಕ್ಕಳ ವಿವಾಹದ ವಯಸ್ಸನ್ನು ಕುರಿತು ಪುಣೆಯಲ್ಲಿ ಪತ್ರಿಕೆಗಳು, ಸಭೆಗಳು, ಬೈಗಳು ತುಂಬಿದ್ದ ಕಾಲ. ಆಪಟೆಯವರು ಬರೆದದ್ದು ಕಲ್ಲುಮನಸ್ಸಿನವರಿಗಾಗಿ. ಕಿವಿ ಮುಚ್ಚಿಕೊಂಡವನ ಮುಂದೆ ಸಣ್ಣ ದನಿಯಲ್ಲಿ ಮಾತನಾಡಿ ಫಲವಿಲ್ಲ.

ಇಷ್ಟು ಕಾದಂಬರಿಯ ಮಾತಾಯಿತು. ದುಃಖವನ್ನು ಕಂಡ ಗಂಡಸು ಅದನ್ನು ಲೋಕಕ್ಕೆ ತೋರಿಸಲು ಹೆಣ್ಣಿನ ದನಿಯಲ್ಲಿ ಅತ್ತನೆಂಬುದು ಇದುವರೆಗಿನ ಸಾರಾಂಶ. ಇನ್ನು ಅದೇ ಊರಿನ, ಅದೇ ಕಾಲದ, ನಿಜವಾದ ಹೆಣ್ಣೊಬ್ಬಳ ದನಿಯನ್ನು ಕೇಳೋಣ.

ರಮಾಬಾಯಿ ರಾನಡೆಯವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಎರಡನೆಯ ಪತ್ನಿ. 1873ರಲ್ಲಿ ಮದುವೆಯಾದಾಗ ಆಕೆಗೆ ಸುಮಾರು ಹನ್ನೊಂದು ವರ್ಷ. ಅವರಿಗೆ ಮೂವತ್ತು ದಾಟಿತ್ತು. ರಾನಡೆಯವರು ವಿಧವಾವಿವಾಹದ ಪಕ್ಷಪಾತಿಗಳು. ಮೊದಲ ಹೆಂಡತಿ ತೀರಿಕೊಂಡಾಗ ಅವರು ವಿಧವೆಯೊಬ್ಬಳನ್ನು ಕೈಹಿಡಿಯುವರೆಂದು ಸುಧಾರಕ ಮಿತ್ರರೆಲ್ಲರೂ ಎದುರು ನೋಡುತ್ತಿದ್ದರು. ತಂದೆಯವರು ಅದಕ್ಕೆ ಅವಕಾಶ ಕೊಡಲಿಲ್ಲ. ತಡಮಾಡದೆ ಹಳ್ಳಿಯಿಂದ ಒಂದು ಹುಡುಗಿಯನ್ನು ತಂದು ಮದುವೆ ಮಾಡಿಬಿಟ್ಟರು. ಮಗ ತಂದೆಯನ್ನು ಮೀರಲಿಲ್ಲ. ಈ ಘಟನೆಯ ಮೇಲೆ ಅಂದಿನಿಂದ ಇಂದಿನವರೆಗೆ ಪಂಡಿತರು ಎಷ್ಟೋ ಶಾಯಿ ಖರ್ಚು ಮಾಡಿದ್ದಾರೆ. ಆದರೆ ಆ ಹನ್ನೊಂದು ವರ್ಷದ ಹುಡುಗಿಗೆ ಏನು ಕಂಡಿತು? ಆಕೆಯೇ 1910ರಲ್ಲಿ ಪ್ರಕಟವಾದ ತನ್ನ ನೆನಪುಗಳ ಪುಸ್ತಕದಲ್ಲಿ ಹೇಳಿದ್ದಾಳೆ.

ಮದುವೆ ಮುಗಿಯಿತು. ಅವಳ ತಂದೆ ಊರಿಗೆ ಹೊರಟುಹೋದರು. ರಾನಡೆಯವರು ಹುಡುಗಿಯನ್ನು ಮೇಲಂತಸ್ತಿಗೆ ಕರೆದು, ನೀನು ಮದುವೆಯಾದದ್ದು ಯಾರನ್ನೆಂಬುದು ನಿನಗೆ ಗೊತ್ತೆ, ನನ್ನ ಹೆಸರೇನು ಹೇಳು, ಎಂದು ಕೇಳಿದರು. ಗಂಡನ ಹೆಸರನ್ನು ಹೆಂಡತಿ ಉಚ್ಚರಿಸಬಾರದೆಂಬ ಕಾಲ ಅದು. ಕೇಳುತ್ತಿರುವವನೂ ಗಂಡನೇ. ಹುಡುಗಿ ತಾನು ಕೇಳಿ ತಿಳಿದಿದ್ದ ಪೂರ್ಣ ಹೆಸರನ್ನು ಹೇಳಿಬಿಟ್ಟಳು. ಆ ಬಳಿಕ ಓದುಬರಹ ಬರುತ್ತದೆಯೇ ಎಂಬ ಪ್ರಶ್ನೆ, ಬಾರದೆಂಬ ಉತ್ತರ, ಒಡನೆಯೇ ಪಾಟಿಯ ಮೇಲೆ ಅಕ್ಷರಾಭ್ಯಾಸ. ಇಡೀ ಪ್ರಸಂಗ ಒಂದು ಪುಟಕ್ಕೆ ಹೆಚ್ಚಲ್ಲ. ಅಲ್ಲಿ ಕಣ್ಣೀರಿಲ್ಲ, ವಾದವಿಲ್ಲ, ತನ್ನ ಮೇಲೆ ಕರುಣೆಯೂ ಇಲ್ಲ. ಇಂದು ಓದುವ ನಮಗೆ ಮಾತ್ರ ಏಕಕಾಲದಲ್ಲಿ ನಗುವೂ ಸಂಕಟವೂ ಆಗುತ್ತದೆ.

ಮುಂದೆ ಗಂಡ ಇಂಗ್ಲಿಷ್ ಕಲಿಸುತ್ತಾನೆ. ಮನೆಯ ಹಿರಿಯ ಹೆಂಗಸರು ಕಲಿಕೆಗೆ ಕಲ್ಲು ಹಾಕುತ್ತಾರೆ. ಪುಣೆಯಲ್ಲಿ ಹುಡುಗಿಯರ ಹೈಸ್ಕೂಲು ಬೇಕೆಂದು ಗವರ್ನರರ ಮುಂದೆ ಇಂಗ್ಲಿಷಿನಲ್ಲಿ ಮನವಿ ಓದಿ ಮನೆಗೆ ಬಂದವಳಿಗೆ ಅಡುಗೆಮನೆಯಲ್ಲಿ ಸಿಕ್ಕಿದ್ದು ಚುಚ್ಚುಮಾತಿನ ಸತ್ಕಾರ. ಆ ಶಾಲೆ ‘ಹುಜೂರಪಾಗಾ’ ಎಂಬ ಹೆಸರಿನಿಂದ ಲಕ್ಷ್ಮೀ ರಸ್ತೆಯಲ್ಲಿ ಇಂದಿಗೂ ನಡೆಯುತ್ತಿದೆ. ಸಂಜೆ ಶಾಲೆ ಬಿಟ್ಟ ಹುಡುಗಿಯರ ಗುಂಪು ಆ ರಸ್ತೆಯ ಸೀರೆ ಅಂಗಡಿಗಳ ಗದ್ದಲವನ್ನೂ ಮೀರಿ ಮಾತನಾಡುತ್ತ ಹೋಗುತ್ತದೆ.

ಆದರೆ ಒಂದು ದೂರು ನನ್ನದುಂಟು. ರಮಾಬಾಯಿಯವರು ಈ ಪುಸ್ತಕವನ್ನು ತಮ್ಮ ಕಥೆಯೆಂದು ಬರೆಯಲಿಲ್ಲ. ಗಂಡನ ಕಥೆಯೆಂದು ಬರೆದರು. 1901ರಲ್ಲಿ ರಾನಡೆಯವರು ತೀರಿಕೊಂಡಲ್ಲಿಗೆ ಪುಸ್ತಕ ಮುಗಿಯುತ್ತದೆ. ಆಮೇಲೆ ಆಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಪುಣೆಯಲ್ಲಿ ಸೇವಾಸದನವನ್ನು ಕಟ್ಟಿದರು. ಸಾವಿರಾರು ಹೆಣ್ಣುಮಕ್ಕಳಿಗೆ ಓದು, ಹೊಲಿಗೆ, ರೋಗಿಗಳ ಶುಶ್ರೂಷೆ ಕಲಿಸುವ ಏರ್ಪಾಡು ಮಾಡಿದರು. ಆ ಎರಡನೆಯ ರಮಾಬಾಯಿ, ವಿಧವೆ ರಮಾಬಾಯಿ, ಈ ಪುಸ್ತಕದಲ್ಲಿಲ್ಲ. ಆಪಟೆಯವರ ಯಮುವಿನ ಕಥೆ ಎಲ್ಲಿ ನಿಲ್ಲುತ್ತದೆಯೋ ಬಹುಮಟ್ಟಿಗೆ ಅಲ್ಲಿಯೇ ಇದೂ ನಿಂತುಬಿಟ್ಟಿತಲ್ಲಾ ಎಂದು ನನಗೆ ಕೊರಗಾಯಿತು. ಮುನ್ನುಡಿ ಬರೆದ ಗೋಪಾಲ ಕೃಷ್ಣ ಗೋಖಲೆಯವರಾದರೂ, ತಾಯೀ, ಇನ್ನೊಂದು ಸಂಪುಟ ಬರೆಯಿರಿ, ಎಂದು ಒತ್ತಾಯಿಸಬಾರದಿತ್ತೆ?

ಈವರೆಗೆ ಎರಡು ಪುಸ್ತಕಗಳಾದವು. ಕಾದಂಬರಿಯ ಯಮು ಅತ್ತಳು. ಆತ್ಮಕಥೆಯ ರಮಾಬಾಯಿ ಅಳಲಿಲ್ಲ, ಮೆಲ್ಲನೆ ಮುಗುಳ್ನಕ್ಕರು. ಇನ್ನು ಗಟ್ಟಿಯಾಗಿ ನಕ್ಕವರ ಬಳಿಗೆ ಹೋಗೋಣ.

ಅವರು ಲಕ್ಷ್ಮೀಬಾಯಿ ಟಿಳಕರು. ನಾಸಿಕದ ಕಡೆಯವರು. ಲೋಕಮಾನ್ಯರ ಮನೆತನವೆಂದು ತಿಳಿಯಬೇಡಿ. ಇವರ ಗಂಡ ನಾರಾಯಣ ವಾಮನ ಟಿಳಕರು, ಮರಾಠಿಯ ಪ್ರಸಿದ್ಧ ಕವಿ. ಇವರ ಆತ್ಮಕಥೆಯ ಹೆಸರು ‘ಸ್ಮೃತಿಚಿತ್ರೆ’. 1934ರಿಂದ ತೊಡಗಿ ನಾಲ್ಕು ಭಾಗಗಳಾಗಿ ಹೊರಬಂದಿತು. ಮರಾಠಿಯಲ್ಲಿ ನಾನು ಓದಿದ ಗದ್ಯಗ್ರಂಥಗಳಲ್ಲಿ ಇದಕ್ಕಿಂತ ಉತ್ತಮವಾದದ್ದು ಇನ್ನೊಂದಿಲ್ಲ ಎಂಬ ನನ್ನ ಅಭಿಪ್ರಾಯವನ್ನು, ಪುಣೆಯ ನನ್ನ ಮರಾಠಿ ಮಿತ್ರರ ಎದುರಿನಲ್ಲಿಯೂ ಹೇಳಿದ್ದೇನೆ. ಅವರಲ್ಲಿ ಯಾರೂ ಇದುವರೆಗೆ ಅಡ್ಡಮಾತನಾಡಿಲ್ಲ. ಪುಣೆಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಲಕ್ಷ್ಮೀಬಾಯಿಯವರ ತಂದೆಯಿಂದಲೇ ನಗು ಪ್ರಾರಂಭವಾಗುತ್ತದೆ. ಆದರೆ ಆ ನಗುವಿನ ತಳದಲ್ಲಿ ಏನಿದೆ ನೋಡಿ. 1857ರ ದಂಗೆಯ ಬಳಿಕ ಅವರ ತಾಯಿಯ ಕಡೆಯ ಅಜ್ಜನನ್ನು ಸರಕಾರ ಗಲ್ಲಿಗೇರಿಸಿತು. ಆ ಆಘಾತದ ಅನಂತರ ತಂದೆಗೆ ಮಡಿಯ ಹುಚ್ಚು ಹಿಡಿಯಿತು. ಹೊರಗಿನಿಂದ ಬಂದದ್ದೆಲ್ಲವನ್ನೂ ತೊಳೆಯಬೇಕು. ಕಾಳು ತೊಳೆಯುವುದು ಸರಿ. ನೀರಿಗೆ ಹಾಕಿದರೆ ಕರಗಿಹೋಗುವ ಉಪ್ಪಿನಂಥ ವಸ್ತುವಿಗೂ ಬಿಡುಗಡೆಯಿಲ್ಲ. ಹೆಂಡತಿ ಮಕ್ಕಳು ಆ ಮನೆಯಲ್ಲಿ ಪಟ್ಟ ಪಾಡು ಎಂಥದೆಂಬುದನ್ನು ನೀವೇ ಊಹಿಸಿರಿ. ಇದನ್ನು ಕಾದಂಬರಿಕಾರನೊಬ್ಬನು ಬರೆದಿದ್ದರೆ ತಂದೆಯನ್ನು ರಾಕ್ಷಸನನ್ನಾಗಿ ಮಾಡುತ್ತಿದ್ದನು. ಮಗಳು ಹಾಗೆ ಮಾಡಲಿಲ್ಲ. ತಂದೆಯ ವಿಕ್ಷಿಪ್ತತೆಯನ್ನು ಒಂದೊಂದಾಗಿ ಎಣಿಸಿ ನಮ್ಮನ್ನು ನಗಿಸುತ್ತಾಳೆ. ನಕ್ಕು ಮುಗಿಯುವಷ್ಟರಲ್ಲಿ, ತಾಯಿ ಹೇಗೆ ಬದುಕಿದಳೋ ಎಂಬ ಪ್ರಶ್ನೆ ನಮ್ಮೊಳಗೆ ತಾನಾಗಿಯೇ ಏಳುತ್ತದೆ.

ಹನ್ನೊಂದರ ವಯಸ್ಸಿನಲ್ಲಿ ಮದುವೆ. ಗಂಡ ಕವಿ. ಕವಿಯನ್ನು ಮದುವೆಯಾಗುವುದೆಂದರೇನೆಂದು ತಿಳಿಯಲು ಈ ಪುಸ್ತಕವನ್ನು ಓದಬೇಕು. ಮನೆಗೆ ಬಂದ ಹಣ ಕಂಡಕಂಡವರ ಕೈಗೆ ಹೋಗುತ್ತದೆ. ಇವತ್ತು ಈ ಊರು. ನಾಳೆ ಹೇಳದೆ ಕೇಳದೆ ಇನ್ನೊಂದು ಊರು. ಕೋಪ ಬಂದರೆ ರುದ್ರ, ಇಳಿದರೆ ಹಸುಗೂಸು. ಕೊನೆಗೆ 1895ರಲ್ಲಿ, ಹೆಂಡತಿಗೆ ಒಂದು ಮಾತನ್ನೂ ತಿಳಿಸದೆ, ಮುಂಬಯಿಯಲ್ಲಿ ಆತ ಕ್ರಿಸ್ತಧರ್ಮವನ್ನು ಸ್ವೀಕರಿಸುತ್ತಾನೆ. ಕೈಯಲ್ಲಿ ಚಿಕ್ಕ ಮಗುವಿರುವ ಹೆಂಡತಿ ಬಂಧುಗಳ ಆಶ್ರಯದಲ್ಲಿ ಸುಮಾರು ಐದು ವರ್ಷ ಕಳೆಯುತ್ತಾಳೆ. ಗಂಡ ಬದುಕಿದ್ದಾನೆ, ಆದರೂ ಇಲ್ಲ. ಲೋಕದ ಲೆಕ್ಕದಲ್ಲಿ ಅವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಈ ಭಾಗದಲ್ಲಿ ಮಾತ್ರ ಆಕೆಯ ನಗು ಸ್ವಲ್ಪ ತಗ್ಗುತ್ತದೆ, ನಿಲ್ಲುವುದಿಲ್ಲ.

ಮತ್ತೆ ಗಂಡನ ಬಳಿಗೆ ಹೋದಮೇಲೂ ಆಕೆ ತನ್ನ ಮಡಿಯನ್ನು ಬಿಡಲಿಲ್ಲ. ಒಂದೇ ಮನೆ, ಬೇರೆ ಒಲೆ, ಬೇರೆ ನೀರು. ಆ ಬೇಲಿ ಹೇಗೆ ಬಿತ್ತು? ಗಂಡನ ಉಪದೇಶದಿಂದ ಬೀಳಲಿಲ್ಲ. ಪಾದ್ರಿಗಳ ವ್ಯಾಖ್ಯಾನದಿಂದ ಬೀಳಲಿಲ್ಲ. ಒಂದು ದಿನ ತಾನೇ ಕುಳಿತು ಯೋಚಿಸಿ, ಈ ಜಾತಿಗಳನ್ನು ಮಾಡಿದವರು ಮನುಷ್ಯರೇ ಎಂದು ಕಂಡುಕೊಂಡು, ಇನ್ನು ಯಾರ ಕೈಯಿಂದಲಾದರೂ ಉಣ್ಣುವೆನೆಂದು ನಿಶ್ಚಯಿಸಿಬಿಟ್ಟರು. ಬಾಳಿನ ಅತ್ಯಂತ ದೊಡ್ಡ ತಿರುವನ್ನು, ಸಂತೆಗೆ ಹೋಗಿ ಬಂದ ಸುದ್ದಿಯಷ್ಟೇ ಸರಳವಾಗಿ ಹೇಳಿ ಮುಗಿಸುತ್ತಾರೆ. ಬರೆಯುವುದನ್ನು ಗಂಡನಿಂದ ಅಷ್ಟಿಷ್ಟು ಕಲಿತ ಹೆಂಗಸು ಇದು! ಗಂಡ ಅರ್ಧಕ್ಕೆ ಬಿಟ್ಟು ತೀರಿಕೊಂಡ ‘ಖ್ರಿಸ್ತಾಯನ’ ಎಂಬ ಮಹಾಕಾವ್ಯದಲ್ಲಿ ಆತ ಬರೆದದ್ದು ಹತ್ತು ಹನ್ನೊಂದು ಅಧ್ಯಾಯ. ಆಕೆ ಸೇರಿಸಿದ್ದು ಅರವತ್ತಕ್ಕೂ ಮೇಲೆ.

ಆನಂದೀಬಾಯಿ ಕರ್ವೆಯವರ ಆತ್ಮಕಥೆ ‘ಮಾಝೇ ಪುರಾಣ’ವನ್ನು ಕುರಿತು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ಎಂಟರ ಸುಮಾರಿನಲ್ಲಿ ಮದುವೆ, ಕೆಲವೇ ತಿಂಗಳಲ್ಲಿ ವೈಧವ್ಯ, ಅತ್ತೆಮನೆಯಲ್ಲಿ ಹಲವು ವರ್ಷಗಳ ದುಡಿಮೆ. ಅಲ್ಲಿಂದ ಪಂಡಿತಾ ರಮಾಬಾಯಿಯವರು ವಿಧವೆಯರಿಗಾಗಿ ನಡೆಸುತ್ತಿದ್ದ ಶಾರದಾ ಸದನ. 1893ರಲ್ಲಿ, ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಧೋಂಡೊ ಕೇಶವ ಕರ್ವೆಯವರೊಡನೆ ಪುನರ್ವಿವಾಹ. ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಕಟ್ಟಿದರು. ಊರಿಗೆ ನಾಲ್ಕು ಮೈಲಿ ದೂರದ ಹಿಂಗಣೆಯಿಂದ ಕಾಲೇಜಿಗೆ ನಡೆದು ಓಡಾಡಿದರು. ಆದರೆ ಆ ಆಶ್ರಮದಲ್ಲಿ ಅವರ ಸ್ವಂತ ಹೆಂಡತಿಗೆ ವಾಸಕ್ಕೆ ಎಡೆಯಿರಲಿಲ್ಲ. ಏಕೆಂದರೆ ಆಕೆ ಮರುಮದುವೆಯಾದವಳು. ಆಕೆಯ ನೆರಳಿನಲ್ಲಿ ತಮ್ಮ ಹೆಣ್ಣುಮಕ್ಕಳನ್ನು ಬಿಡಲು ಪಾಲಕರು ಒಪ್ಪುತ್ತಿರಲಿಲ್ಲ. ಗಂಡನ ಉಳಿತಾಯವೆಲ್ಲ ಆಶ್ರಮಕ್ಕೆ. ಮಕ್ಕಳ ಹೊಟ್ಟೆಯ ಚಿಂತೆ ಈಕೆಗೆ. ಇದನ್ನೆಲ್ಲ ಆಕೆ ಹೇಳುವ ರೀತಿಯಲ್ಲಿ ಮುನಿಸುಂಟು, ಹಾಸ್ಯವುಂಟು, ಗಂಡನ ಮೇಲೆ ಒಂದು ಬಗೆಯ ಕಕ್ಕುಲಾತಿಯೂ ಉಂಟು. ಮಹರ್ಷಿಯೆಂದು ಲೋಕ ಪೂಜಿಸಿದ ಮನುಷ್ಯನ ಅಡುಗೆಮನೆಯ ಲೆಕ್ಕ ಹೇಗಿತ್ತೆಂಬುದನ್ನು ನಾವು ಅರಿಯಬೇಕಾದದ್ದು ಈ ಪುಸ್ತಕದಿಂದ. ಕರ್ವೆಯವರ ಸ್ವಂತ ಆತ್ಮವೃತ್ತ ಸತ್ಯಸಂಧವಾದ ಗ್ರಂಥವೇ. ಆದರೆ ಓದುವ ಸುಖ ಹೆಂಡತಿಯ ಪುಸ್ತಕದಲ್ಲಿ ಹೆಚ್ಚು.

ಶ್ರೋತೃಗಳೇ, ಮರಾಠಿಯ ಮಾತು ಇಲ್ಲಿಗೆ ನಿಂತಿತು. ಒಬ್ಬ ಕಾದಂಬರಿಕಾರ ಅತ್ತದ್ದನ್ನೂ ಮೂವರು ಹೆಂಗಸರು ತಮ್ಮ ತಮ್ಮ ರೀತಿಯಲ್ಲಿ ನಕ್ಕದ್ದನ್ನೂ ಕಂಡೆವು. ಇನ್ನು ನಮ್ಮ ಮನೆಗೆ ಬರೋಣ. ನಮ್ಮಲ್ಲಿ ಏನಾಯಿತು?

ಆಪಟೆಯವರ ಕಾದಂಬರಿ ತೊಡಗಿ ಹತ್ತು ವರ್ಷ ತುಂಬುವುದರೊಳಗೆ, 1899ರಲ್ಲಿ, ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಗೌರವ ಅದಕ್ಕುಂಟು. ಅಲ್ಲಿಯ ವಿಧವೆ ಸಾಯುವುದಿಲ್ಲ. ಮನೆ ಬಿಟ್ಟು ಓಡುತ್ತಾಳೆ, ಓದುತ್ತಾಳೆ, ಮದುವೆಯಾಗುತ್ತಾಳೆ. ವೆಂಕಟರಾಯರು ಅಳುವುದಕ್ಕಿಂತ ಹೆಚ್ಚಾಗಿ ಸಿಟ್ಟಿಗೇಳುತ್ತಾರೆ. ಕಪಟಿಗಳನ್ನೂ ಮಠದ ಠಕ್ಕರನ್ನೂ ಬಯಲಿಗೆಳೆಯುವಾಗ ಅವರ ಲೇಖನಿ ಕುಣಿಯುತ್ತದೆ. ಆದರೆ ಇಂದಿರಾಬಾಯಿ ನನ್ನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಅವಳು ಒಂದು ಒಳ್ಳೆಯ ಅಭಿಪ್ರಾಯ, ಸೀರೆಯುಟ್ಟ ಅಭಿಪ್ರಾಯ. ಐತಿಹಾಸಿಕ ಮಹತ್ತ್ವ ಬೇರೆ, ರಸ ಬೇರೆ.

ನಿಂತವಳು ಫಣಿಯಮ್ಮ. ಎಂ. ಕೆ. ಇಂದಿರಾ ಅವರ ಈ ಕಾದಂಬರಿ 1976ರಲ್ಲಿ ಪ್ರಕಟವಾಯಿತು. ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಇದನ್ನು ಕಾದಂಬರಿಯೆನ್ನಬೇಕೋ ಆತ್ಮಕಥೆಯೆನ್ನಬೇಕೋ ನನಗೆ ತಿಳಿಯದು. ಫಣಿಯಮ್ಮ ಲೇಖಕಿಯ ಸ್ವಂತ ಮನೆತನದ ಹಿರಿಯಳು. ತನ್ನ ಕಥೆಯನ್ನು ಲೇಖಕಿಯ ತಾಯಿಗೆ ಹೇಳಿದಳು, ತಾಯಿ ಮಗಳಿಗೆ ಹೇಳಿದಳು, ಮಗಳು ಬರೆದಳು. ಒಂಬತ್ತರಲ್ಲಿ ಮದುವೆ, ಕೂಡಲೇ ವೈಧವ್ಯ, ದೊಡ್ಡವಳಾದೊಡನೆ ಮುಂಡನ. ಯಮುವಿನ ಕಥೆ ಎಲ್ಲಿ ಮುಗಿಯಿತೋ ಫಣಿಯಮ್ಮನ ಕಥೆ ಅಲ್ಲಿಂದ ತೊಡಗುತ್ತದೆ. ಆಮೇಲೆ ಆಕೆ ಒಂದು ಶತಮಾನದಷ್ಟು ಕಾಲ ಬದುಕುತ್ತಾಳೆ! ನೂರಹನ್ನೆರಡು ವರ್ಷದ ಬಾಳು.

ಆ ದೀರ್ಘ ಬಾಳಿನಲ್ಲಿ ಫಣಿಯಮ್ಮ ಯಾರ ಮೇಲೂ ದೂರು ಹೇಳುವುದಿಲ್ಲ. ಹಾಗೆಂದು ಎಲ್ಲವನ್ನೂ ಒಪ್ಪುವುದೂ ಇಲ್ಲ. ಮಲೆನಾಡಿನ ಆ ದೊಡ್ಡ ಮನೆಯ ಕೆಲಸದಲ್ಲಿ ಮುಳುಗಿದವಳು, ಮೇಲ್ಜಾತಿಯವರು ಮುಟ್ಟದ ಹೆಂಗಸೊಬ್ಬಳು ಹೆರಿಗೆಯ ನೋವಿನಲ್ಲಿ ಸಾಯುತ್ತಿದ್ದಾಳೆಂದಾಗ ಸದ್ದಿಲ್ಲದೆ ಹೋಗಿ, ತನ್ನ ಕೈಯಿಂದ ಕೂಸನ್ನು ಹೊರತೆಗೆದು, ಬಂದು ಸ್ನಾನ ಮಾಡಿ ಸುಮ್ಮನಿರುತ್ತಾಳೆ. ಮುಂದಿನ ತಲೆಮಾರಿನ ದಾಕ್ಷಾಯಣಿಯೆಂಬ ಎಳೆಯ ವಿಧವೆ ಕೂದಲು ತೆಗೆಸೆನೆಂದು ಹಟ ಹಿಡಿದಾಗ, ಮಡಿಗೆ ಮಾದರಿಯೆಂದು ಎಲ್ಲರೂ ಪೂಜಿಸುವ ಈ ಮುದುಕಿಯೇ ಆ ಹುಡುಗಿಯ ಪರವಾಗಿ ನಿಲ್ಲುತ್ತಾಳೆ. ಇಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ನನ್ನ ಸೂತ್ರಕ್ಕೆ ಸಿಕ್ಕದ ಹೆಂಗಸು ಆಕೆ. ಸೂತ್ರ ಮುರಿದುದಕ್ಕೆ ನನಗೆ ದುಃಖವಿಲ್ಲ.

ಇನ್ನೊಂದು ಪುಸ್ತಕವನ್ನು ಹೇಳದಿದ್ದರೆ ಧಾರವಾಡದ ಕಡೆಯ ಶ್ರೋತೃಗಳು ನನ್ನನ್ನು ಕ್ಷಮಿಸಲಾರರು. ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’. ಧಾರವಾಡದ ಮನೋಹರ ಗ್ರಂಥಮಾಲೆಯೇ 2011ರಲ್ಲಿ ಪ್ರಕಟಿಸಿದ್ದು. ನಾಟಕಗಳ ಕಥೆ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕಥೆ, ಎಲ್ಲವೂ ಚೆನ್ನಾಗಿವೆ. ಆದರೆ ನನ್ನ ಇಂದಿನ ವಿಷಯಕ್ಕೆ ಸಂಬಂಧಿಸಿದ್ದು ಅವರ ತಾಯಿ ಕೃಷ್ಣಾಬಾಯಿಯವರ ಭಾಗ. ಆಕೆ ಎಳೆಯ ವಯಸ್ಸಿನಲ್ಲಿ ವಿಧವೆಯಾದವರು. ಕೈಯಲ್ಲಿ ಒಬ್ಬ ಮಗ. ದಾದಿಯ ಕೆಲಸ ಕಲಿತರು. ಡಾಕ್ಟರ್ ರಘುನಾಥ ಕಾರ್ನಾಡರನ್ನು ಕಂಡರು. ಲೋಕಾಪವಾದದ ಹೆದರಿಕೆಯಿಂದ ಮದುವೆ ಹಲವು ವರ್ಷ ಮುಂದಕ್ಕೆ ಹೋಯಿತು. ಇಳಿವಯಸ್ಸಿನಲ್ಲಿ ಆಕೆ ತನ್ನ ಬಾಳನ್ನು ಚಿಕ್ಕದಾಗಿ ಬರೆದಿಟ್ಟರು. ಗುಲ್ವಾಡಿಯವರು ಕಲ್ಪಿಸಿದ ಸಾರಸ್ವತ ವಿಧವೆಯ ಪುನರ್ವಿವಾಹ, ನಾಲ್ಕು ದಶಕಗಳೊಳಗೆ, ಅದೇ ಸಮಾಜದಲ್ಲಿ, ನಿಜವಾದ ಒಂದು ಮನೆಯಲ್ಲಿ ನಡೆದುಹೋಗಿತ್ತು.

ಆ ಪುಸ್ತಕದ ಅರ್ಪಣೆಯನ್ನು ಪುಣೆಯವನಾದ ನಾನು ಮರೆಯಲಾರೆ. ಧಾರವಾಡದ ಮನೆಯಲ್ಲಿ ಊಟದ ಹೊತ್ತಿನಲ್ಲಿ ತಾಯಿ ಒಂದು ಮಾತು ಹೊರಗೆಡಹುತ್ತಾರೆ. ಗಿರೀಶ ಹೊಟ್ಟೆಯಲ್ಲಿದ್ದಾಗ, ಇನ್ನು ಮಕ್ಕಳು ಸಾಕೆಂದು, ಗರ್ಭ ತೆಗೆಸಲು ಪುಣೆಯ ಡಾಕ್ಟರ್ ಮಧುಮಾಲತಿ ಗುಣೆಯವರ ದವಾಖಾನೆಗೆ ಹೋಗಿದ್ದರಂತೆ. ಡಾಕ್ಟರರು ಆ ದಿನ ಬರಲಿಲ್ಲ. ಕಾಯ್ದು ಹಿಂದಿರುಗಿದರು. ಮತ್ತೆ ಹೋಗಲಿಲ್ಲ. ಬಾರದೆ ಹೋದ ಆ ಡಾಕ್ಟರರಿಗೆ ಮಗ ತನ್ನ ಆತ್ಮಕಥೆಯನ್ನು ಅರ್ಪಿಸಿದ್ದಾನೆ. ಇದು ತಾಯಿಯ ನಗುವೋ ಮಗನ ನಗುವೋ? ಊಟದ ನಡುವೆ ಅಂಥ ಮಾತನ್ನು ಸಹಜವಾಗಿ ಆಡಬಲ್ಲ ತಾಯಿಯಿಂದಲೇ ಮಗನಿಗೆ ಆ ವಿನೋದ ಬಂದಿರಬೇಕೆಂದು ನನ್ನ ಎಣಿಕೆ.

ಹೇಳಿದ್ದನ್ನು ಒಮ್ಮೆ ನೆನೆದು, ಮೊದಲು ಎತ್ತಿದ ಪ್ರಶ್ನೆಗೆ ಬರುತ್ತೇನೆ. ಕಾದಂಬರಿಕಾರರು ಅತ್ತರು ಅಥವಾ ಸಿಟ್ಟಾದರು. ಆತ್ಮಕಥೆ ಬರೆದ ಹೆಂಗಸರು ನಕ್ಕರು. ಏಕೆ? ಒಂದು ಕಾರಣ ಆಗಲೇ ಸೂಚಿಸಿದೆ. ಕಾದಂಬರಿಕಾರನಿಗೆ ಎದುರುಪಕ್ಷವನ್ನು ಒಪ್ಪಿಸಬೇಕಾಗಿತ್ತು. ಈ ಹೆಂಗಸರಿಗೆ ಯಾರನ್ನೂ ಒಪ್ಪಿಸಬೇಕಾಗಿರಲಿಲ್ಲ. ನಡೆದದ್ದು ನಡೆದಿತ್ತು, ತಾವು ಉಳಿದು ಬಂದಿದ್ದರು. ಬಹುಕಾಲ ದುಃಖದೊಡನೆ ಒಂದೇ ಮನೆಯಲ್ಲಿ ಇದ್ದವರಿಗೆ ಅದರ ಹಾಸ್ಯಾಸ್ಪದ ಮುಖವೂ ಪರಿಚಿತವಾಗಿರುತ್ತದೆ.

ಇಷ್ಟನ್ನು ಹೇಳಿ ಆತ್ಮಕಥೆಗೆ ಗೆಲುವಿನ ಪಟ್ಟ ಕಟ್ಟಿಬಿಡಬಹುದಿತ್ತು. ಬಹುದಿನ ನಾನೂ ಹಾಗೆಯೇ ಎಣಿಸಿದ್ದೆ. ಆದರೆ ಈ ಸಲ ಓದುವಾಗ ಇನ್ನೊಂದು ವಿಚಾರ ಹೊಳೆಯಿತು. ನಗುತ್ತಿರುವವರು ಯಾರು? ಉಳಿದುಬಂದವರು. ರಮಾಬಾಯಿಗೆ ರಾನಡೆಯವರಂಥ ಗಂಡ, ಲಕ್ಷ್ಮೀಬಾಯಿಗೆ ಎಂಥದೋ ಒಬ್ಬ ಗಂಡನಾದರೂ ಕವಿಯಾದ ಗಂಡ, ಆನಂದೀಬಾಯಿಗೆ ಶಾರದಾ ಸದನ, ಕೃಷ್ಣಾಬಾಯಿಗೆ ದಾದಿಯ ವಿದ್ಯೆ ದೊರೆಯಿತು. ಅಕ್ಷರ ಸಿಕ್ಕಿತು, ಬರೆದರು. ಏನೂ ದೊರೆಯದೆ, ತಲೆ ಬೋಳಿಸಿದ ಮರುವರ್ಷವೇ ಕ್ಷಯದಿಂದಲೋ ಬಾವಿಯಲ್ಲಿಯೋ ಸತ್ತ ಹುಡುಗಿಯರು ಆತ್ಮಕಥೆ ಬರೆಯಲಿಲ್ಲ. ಅವರ ಪರವಾಗಿ ಬರೆಯಲು ಆಪಟೆಯವರೇ ಬೇಕಾಯಿತು. ಅವರ ಕಥೆಯನ್ನು ನಗುತ್ತ ಹೇಳುವ ಅಧಿಕಾರ ಯಾರಿಗೂ ಇಲ್ಲ, ಆಪಟೆಯವರಿಗಂತೂ ಇರಲಿಲ್ಲ. ಹೀಗೆ ನೋಡಿದಾಗ ಉತ್ತರಾರ್ಧದ ಆ ಕಣ್ಣೀರನ್ನು ನಾನು ಕಲೆಯ ದೋಷವೆಂದು ಈಗಲೂ ಹೇಳುವೆನಾದರೂ, ಅದನ್ನು ಕ್ಷಮಿಸಲು ನನಗೆ ಕಷ್ಟವಾಗುವುದಿಲ್ಲ.

ನನ್ನ ಅವಧಿ ಮುಗಿಯುತ್ತ ಬಂದಿದೆ. ಯಾವುದನ್ನು ಮೊದಲು ಓದಬೇಕೆಂದು ನೀವು ಕೇಳಿದರೆ ನನ್ನ ಉತ್ತರ ಹೀಗೆ. ಕನ್ನಡವೊಂದನ್ನೇ ಓದುವವರು ‘ಫಣಿಯಮ್ಮ’ನಿಂದ ತೊಡಗಿರಿ; ಚಿಕ್ಕ ಪುಸ್ತಕ, ಒಂದು ಬಿಡುವಿನ ದಿನಕ್ಕೆ ಮುಗಿಯುತ್ತದೆ. ಬಳಿಕ ಕಾರ್ನಾಡರ ಮೊದಲ ಅಧ್ಯಾಯಗಳನ್ನು ಓದಿರಿ. ‘ಇಂದಿರಾಬಾಯಿ’ಯನ್ನು ಕೊನೆಗೆ ಇಟ್ಟುಕೊಳ್ಳಿರಿ. ಮರಾಠಿ ಬಲ್ಲವರು, ಬೆಳಗಾವಿ, ನಿಪ್ಪಾಣಿ, ಸೊಲ್ಲಾಪುರದ ಕಡೆಯವರು ವಿಶೇಷವಾಗಿ, ‘ಸ್ಮೃತಿಚಿತ್ರೆ’ಯನ್ನು ಇನ್ನೂ ಓದಿಲ್ಲವಾದರೆ ತಡಮಾಡಬೇಡಿರಿ. ಆಪಟೆಯವರ ಕಾದಂಬರಿ ದಪ್ಪವಾದದ್ದು. ಬೇಸರವಾದರೆ ಉತ್ತರಾರ್ಧದಲ್ಲಿ ಹಾಳೆ ಮಗುಚಿರಿ, ಆದರೆ ಮಕ್ಕಳ ಆಟದಿಂದ ತೊಡಗುವ ಆ ಮೊದಲ ಭಾಗದಲ್ಲಿ ಒಂದು ಪುಟವನ್ನೂ ಬಿಡಬೇಡಿರಿ.